ಯೂಸುಫ ಮಿಸ್ತ್ರಿಯ ಡೊಂಕು ಪಾನಾ

ಖಾನಾಪುರದ ಭರಮಣ್ಣ ಮೆಕ್ಯಾನಿಕ್ ಆಗಬೇಕೆಂದು ಹೊರಟಾಗ ಅವನಿಗೆ ಮೂವತ್ತೆರಡು ವರ್ಷ. ಆ ವಯಸ್ಸಿಗೆ ಉಳಿದ ಮಿಸ್ತ್ರಿಗಳು ಸೊಂಟ ಹಿಡಿದುಕೊಂಡು, ಗಾಡಿಯ ಕೆಳಗೆ ಮಲಗಿದ್ದು ಸಾಕಪ್ಪ ಎಂದು ಗೊಣಗಲು ಶುರು ಮಾಡಿರುತ್ತಾರೆ. ಇವನು ಆಗ ಮಲಗಲು ಹೊರಟ. ಊರಿನವರು ನಕ್ಕರು. ನಗಲಿ ಬಿಡಿ, ನಗುವವರ ಬಾಯಿಗೆ ಬೀಗ ಹಾಕುವವರು ಯಾರು? ಭರಮಣ್ಣನನ್ನು ಹತ್ತಿರದಿಂದ ಬಲ್ಲವರಿಗೆ ಮಾತ್ರ ಅದರಲ್ಲಿ ಆಶ್ಚರ್ಯವೇನೂ ಇರಲಿಲ್ಲ.

ಅವನು ಹದಿನಾಲ್ಕು ವರ್ಷ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಕಲಸುವ ಯಂತ್ರಕ್ಕೆ ಮಣ್ಣು ತುಂಬಿದವನು. ಆ ಯಂತ್ರವನ್ನು ತಿರುಗಿಸುತ್ತಿದ್ದುದು ಒಂದು ಹಳೆಯ ಡೀಸೆಲ್ ಇಂಜಿನ್. ಅದು ನಿಂತಿತೆಂದರೆ ಉಳಿದವರಿಗೆಲ್ಲ ಹಬ್ಬ. ಬೀಡಿ ಹಚ್ಚಿಕೊಂಡು ನೆರಳಿಗೆ ಹೋಗುತ್ತಿದ್ದರು. ಭರಮಣ್ಣ ಮಾತ್ರ ಇಂಜಿನ್ನಿನ ಬಾಜು ಹೋಗಿ ಕುಕ್ಕರಗಾಲಿನಲ್ಲಿ ಕೂರುತ್ತಿದ್ದ. ರಿಪೇರಿಗೆ ಬಂದವರು ಬೈದು ಎಬ್ಬಿಸಿದರೂ ಒಂದು ಮಾರು ಸರಿದು ಮತ್ತೆ ಕೂರುತ್ತಿದ್ದ. ಎಪ್ಪತ್ತೈದನೆಯ ಇಸವಿಯಲ್ಲಿ ಕಾರ್ಖಾನೆಯವರು ಒಂದು ಭಟ್ಟಿಯನ್ನು ನಂದಿಸಿದರು, ಮೂವತ್ತು ಜನರ ಕೆಲಸ ಹೋಯಿತು. ಅವರಲ್ಲಿ ಇವನೂ ಒಬ್ಬ. ಅವತ್ತು ಮನೆಗೆ ಬಂದು ಹೆಂಡತಿ ಕಾಶವ್ವನ ಮುಂದೆ, "ನಾ ಇಂಜಿನ್ ಕೆಲಸಾ ಕಲೀತೇನಿ" ಎಂದ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಕಲೀರಿ. ಹದಿನಾಲ್ಕ ವರ್ಷ ಕಣ್ಣಿಲೆ ಕಲತೇರಿ, ಇನ್ನ ಕೈಲೆ ಕಲೀರಿ" ಎಂದಳು. ಅಂಥ ಹೆಂಡತಿ ಸಿಗುವುದಕ್ಕೂ ಪುಣ್ಯ ಮಾಡಿರಬೇಕು.

ಎರಡು ವರ್ಷ ಅವನು ಬೆಳಗಾವಿಯ ಒಂದು ಗ್ಯಾರೇಜಿನಲ್ಲಿ ದುಡಿದ. ಸೋಮವಾರ ಬೆಳಿಗ್ಗೆ ಹೋದರೆ ಶನಿವಾರ ಸಂಜೆ ಮನೆ. ತನಗಿಂತ ಹತ್ತು ವರ್ಷ ಚಿಕ್ಕವರಿಂದ ಬೈಸಿಕೊಂಡ, ಸೀಮೆಎಣ್ಣೆಯಲ್ಲಿ ಸಾಮಾನು ತೊಳೆದ, ಕೆಲಸ ಕಲಿತ. ಗ್ಯಾರೇಜಿನ ಲೋಕದಲ್ಲಿ ಒಂದು ರೀತಿ ಇದೆ. ಮಿಸ್ತ್ರಿಯಾದವನು ತನ್ನ ಬುತ್ತಿಯ ಅರ್ಧ ರೊಟ್ಟಿ ಕೊಡುತ್ತಾನೆ, ಸೇದುತ್ತಿರುವ ಬೀಡಿ ಕೊಡುತ್ತಾನೆ, ಅಡಚಣೆಯೆಂದರೆ ಕಿಸೆಯಲ್ಲಿದ್ದುದನ್ನೂ ತೆಗೆದು ಕೊಡುತ್ತಾನೆ. ತನ್ನ ಪಾನಾ ಮಾತ್ರ ಕೊಡುವುದಿಲ್ಲ. ನಟ್ಟು ಬಿಚ್ಚುವ, ಬಿಗಿಯುವ ಆ ಪಾನಾ ಇನ್ನೊಬ್ಬನ ಕೈಗೆ ಹೋಯಿತೆಂದರೆ ಬಾಯಿ ಅಗಲಿಸಿಕೊಂಡು ಬರುತ್ತದೆ, ಇಲ್ಲವೆ ಬರುವುದೇ ಇಲ್ಲ. ಹೀಗಾಗಿ ಸ್ವಂತದ ಪಾನಾ ಇಲ್ಲದವನು ಎಷ್ಟೇ ಕೆಲಸ ಬಲ್ಲವನಾದರೂ ಮಿಸ್ತ್ರಿ ಅಲ್ಲ, ಬರೀ ಕೈಯಾಳು. ಎಪ್ಪತ್ತೇಳರಲ್ಲಿ ಭರಮಣ್ಣ ಊರಿಗೆ ಬಂದು, ಗೋವಾ ರಸ್ತೆಯ ಬದಿಗೆ, ಕಮ್ಮಾರ ಬಾಳಪ್ಪನ ಕುಲುಮೆಯ ಪಕ್ಕದಲ್ಲಿ ತಗಡಿನ ಒಂದು ಚಪ್ಪರ ಹಾಕಿಕೊಂಡ. ಕೆಲಸ ಬರುತ್ತಿತ್ತು, ಚಪ್ಪರ ಇತ್ತು, ಪಾನಾ ಇರಲಿಲ್ಲ.

ಹೊಸದನ್ನು ಕೊಳ್ಳುವ ಮಾತೇ ಇರಲಿಲ್ಲ. ಬೆಳಗಾವಿಯ ಅಂಗಡಿಯೊಂದರಲ್ಲಿ ಎಣ್ಣೆಕಾಗದ ಸುತ್ತಿಟ್ಟ ಹೊಸ ಪಾನಾಗಳ ಸೆಟ್ಟನ್ನು ಎರಡು ಸಲ ಬಿಚ್ಚಿಸಿ ನೋಡಿ, ಎರಡು ಸಲವೂ "ಬರ್ತೇನ್ರಿ" ಎಂದು ಹೇಳಿ ಬರಿಗೈಯಲ್ಲಿ ಬಂದಿದ್ದ. ಮೂರನೆಯ ಸಲ ಆ ಅಂಗಡಿಯ ಮುಂದೆ ಹಾಯಲಿಕ್ಕೇ ನಾಚಿಕೆಯಾಗಿ ಬೇರೆ ಓಣಿ ಹಿಡಿದ. ಉಳಿದದ್ದು ಗುಜರಿ. ಗುಜರಿಯ ಪಾನಾ ನೋಡಲು ಚೆನ್ನಾಗಿಯೇ ಇರುತ್ತದೆ. ಅದರ ಬಾಯಿ ಸವೆದಿದೆ ಎಂದು ಗೊತ್ತಾಗುವುದು ನಟ್ಟಿಗೆ ಹಾಕಿ ಜೋರು ಕೊಟ್ಟಾಗ. ಪಾನಾ ಜಾರುತ್ತದೆ, ಬೆರಳಿನ ಗೆಣ್ಣು ಹೋಗಿ ಕಬ್ಬಿಣಕ್ಕೆ ಬಡಿಯುತ್ತದೆ. ಮೊದಲ ಎರಡು ತಿಂಗಳು ಅವನ ಗೆಣ್ಣುಗಳ ಮೇಲೆ ಚರ್ಮ ನಿಲ್ಲಲಿಲ್ಲ. ಅರಿಶಿನ ಹಚ್ಚುತ್ತ ಕಾಶವ್ವ, "ಖರೇ ಹೇಳ್ರಿ, ಇಂಜಿನ್ ಕೆಲಸಾ ಮಾಡ್ತೀರೊ, ಯಾರ ಜೋಡೀನರ ಬಡದಾಡಿ ಬರ್ತೀರೊ?" ಎಂದು ಕೇಳುತ್ತಿದ್ದಳು.

ಕೊನೆಗೆ ಗುಜರಿಯವನಿಗೇ ಕನಿಕರ ಬಂತು. "ಅಣ್ಣಾ, ನನ್ನ ಕಡೆ ಬರೂದ ಬಿಡು. ಅನಗೋಳದಾಗ ಯೂಸುಫ ಮಿಸ್ತ್ರಿ ಅದಾರು. ಅವರ ಕಣ್ಣ ಹೊಂಟಾವು. ಪೆಟ್ಟಿಗಿ ಮಾರ್ತಾರಂತ ಸುದ್ದಿ ಐತಿ. ಲಗೂ ಹೋಗು" ಎಂದ.

ಯೂಸುಫ ಮಿಸ್ತ್ರಿಯ ಹೆಸರು ಆ ಕಡೆಯ ಲಾರಿ ಡ್ರೈವರುಗಳ ಬಾಯಲ್ಲಿ ದಿನಕ್ಕೊಮ್ಮೆ ಬರುವಂಥದ್ದು. ಭರಮಣ್ಣ ಹೆದರಿಕೊಂಡೇ ಹೋದ. ಬೆಳಗಾವಿಯ ಅನಗೋಳದ ಓಣಿಯೊಂದರಲ್ಲಿ ಸಣ್ಣ ಮನೆ, ಮುಂದೆ ಅಂಗಳ, ಅಂಗಳದಲ್ಲಿ ಹಗ್ಗದ ಹೊರಸು. ಹೊರಸಿನ ಮೇಲೆ ಅರವತ್ತು ದಾಟಿದ ಒಬ್ಬ ಎತ್ತರದ ಮನುಷ್ಯ, ಕಣ್ಣು ಅರ್ಧ ಮುಚ್ಚಿ, ಬಿಸಿಲಿಗೆ ಮುಖ ಕೊಟ್ಟು ಕೂತಿದ್ದರು.

"ಯಾರು?" ಎಂದರು.

"ಖಾನಾಪುರದ ಭರಮಣ್ಣರಿ. ಹೊಸಾ ಮೆಕ್ಯಾನಿಕ್ ಅದೇನ್ರಿ."

"ಹೊಸಾ ಅಂತಿ, ದನಿ ಹಳೇದೈತಲ್ಲೊ?"

ಮಿಸ್ತ್ರಿ ಕೈ ಚಾಚಿ, "ಎಲ್ಲಿ, ಕೈ ಕೊಡು" ಎಂದರು. ಕೊಟ್ಟ. ಅವರು ಗೆಣ್ಣುಗಳ ಮೇಲೆ ಹೆಬ್ಬೆರಳು ಆಡಿಸಿ ನಕ್ಕರು. "ಗುಜರಿ ಪಾನಾ" ಎಂದರು. "ಬಿಲ್ಕೀಸ, ಚಹಾ ಇಡು. ಈ ಮನಶ್ಯಾ ಖರೇನ ಗಿರಾಕಿ ಅದಾನು."

ಅವರ ಹೆಂಡತಿ ಬಿಲ್ಕೀಸ ಒಳಗಿನಿಂದ ಕಬ್ಬಿಣದ ಪೆಟ್ಟಿಗೆಯನ್ನು ಎಳೆದು ತಂದು, ಒಂದು ಗೋಣಿತಾಟು ಹಾಸಿದರು. ಮಿಸ್ತ್ರಿ ಹೊರಸಿನಿಂದ ಇಳಿದು ಕೂತು, ಪಾನಾಗಳನ್ನು ಒಂದೊಂದಾಗಿ ತೆಗೆದು, ಬೆರಳಿನಿಂದ ಅದರ ಬಾಯಿ ಮುಟ್ಟಿ ಹೆಸರು ಹೇಳಿ, ಗೋಣಿಯ ಮೇಲೆ ಸಾಲಾಗಿ ಇಟ್ಟರು. ಒಂದಕ್ಕೂ ಕಣ್ಣು ಬೇಕಾಗಲಿಲ್ಲ. ಪ್ರತಿಯೊಂದಕ್ಕೂ ಒಂದು ಮಾತು ಇತ್ತು. ಇದು ಮಿಲಿಟರಿ ಲಿಲಾವಿನಲ್ಲಿ ಹರಾಜು ಕೂಗಿ ಕೊಂಡದ್ದು, ಇದಕ್ಕೆ ಎಣ್ಣೆ ಹಚ್ಚದಿದ್ದರೆ ಸಿಟ್ಟು, ಇದನ್ನು ಸುತ್ತಿಗೆಯ ಹಾಗೆ ಬಡಿಯಬೇಡ, ಇದು ಲೋಂಡಾದ ಹತ್ತಿರ ಹೊಳೆಯಲ್ಲಿ ಬಿದ್ದಿತ್ತು, ಎರಡು ತಾಸು ಹುಡುಕಿಸಿದೆ. ಭರಮಣ್ಣ ಬಾಯಿ ಬಿಟ್ಟುಕೊಂಡು ಕೇಳಿದ. ಮಗಳನ್ನು ಕೊಡುವ ತಂದೆ ಬೀಗರ ಮುಂದೆ ಅಷ್ಟು ಮಾತಾಡುತ್ತಾನೋ ಇಲ್ಲವೋ.

ಕೊನೆಗೆ ಪೆಟ್ಟಿಗೆಯ ತಳದಿಂದ ಒಂದು ರಿಂಗ್ ಪಾನಾ ಬಂತು. ಎರಡೂ ತುದಿಗೆ ಉಂಗುರವಿರುವ ಪಾನಾ ಅದು. ಒಂದು ಕಡೆಯ ಕತ್ತು ಒಳಕ್ಕೆ ಬಾಗಿ, ಮತ್ತೆ ಹೊರಳಿ, ನೋಡಿದರೆ ಯಾವುದೋ ಗಾಲಿಯ ಕೆಳಗೆ ಸಿಕ್ಕಿ ಸೊಟ್ಟಗಾದ ಹಾಗಿತ್ತು. ಮಿಸ್ತ್ರಿ ಅದರ ಬಾಗಿನ ಮೇಲೆ ಎರಡು ಸಲ ಬೆರಳು ಆಡಿಸಿದರು, ಹೆಸರು ಹೇಳಲಿಲ್ಲ. ಬಾಗಿಲಲ್ಲಿ ನಿಂತಿದ್ದ ಬಿಲ್ಕೀಸ ಗಂಡನ ಮುಖವನ್ನೇ ನೋಡಿದರು.

"ಇದು ಡೊಂಕೈತೇನ್ರಿ?" ಎಂದ ಭರಮಣ್ಣ.

"ಹೂಂ. ಡೊಂಕೈತಿ" ಎಂದರು ಮಿಸ್ತ್ರಿ. ಅಷ್ಟರಲ್ಲಿ ಮಸೀದಿಯಿಂದ ಬಾಂಗು ಕೇಳಿತು. ಅವರು ಪಾನಾವನ್ನು ಉಳಿದವುಗಳ ಪಕ್ಕಕ್ಕೆ ಇಟ್ಟು, ಗೋಡೆ ಹಿಡಿದು ಎದ್ದು ನಮಾಜಿಗೆ ಹೋದರು. ಬೆಲೆಯ ಮಾತು ಮೊದಲೇ ಚಹಾ ಆರುವುದರೊಳಗೆ ಮುಗಿದಿತ್ತು. ಭರಮಣ್ಣ ತನ್ನ ಸೈಕಲ್ ಮಾರಿ ತಂದದ್ದನ್ನು ಬಿಲ್ಕೀಸ ಚಾಚಿಯ ಕೈಗಿಟ್ಟು, ಪೆಟ್ಟಿಗೆ ಹೊತ್ತು ಬಸ್ ಹಿಡಿದ.

ಮರುದಿನ ಭರಮಣ್ಣ, ಕಾಶವ್ವ ಇಬ್ಬರೂ ಕೂತು ಒಂದೊಂದು ಪಾನಾವನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ದೇವರ ಜಗಲಿಯ ಮುಂದಿಟ್ಟು ಕುಂಕುಮ ಹಚ್ಚಿದರು. ಎಲ್ಲವೂ ಫಳಫಳ ಹೊಳೆಯುತ್ತಿದ್ದವು, ಡೊಂಕು ಪಾನಾ ಒಂದೇ ಸಾಲಿನಲ್ಲಿ ಸರಿಯಾಗಿ ಕೂರುತ್ತಿರಲಿಲ್ಲ. "ಪಾಪ, ಕಣ್ಣ ಹೋದಮ್ಯಾಲೆ ಎಲ್ಲೋ ಗಾಲಿಗೆ ಸಿಕ್ಕಿರಬೇಕು, ರಿಪೇರಿ ಮಾಡಸೂದು ಅವರ ಕೈಲೆ ಆಗಿಲ್ಲ" ಎಂದ ಭರಮಣ್ಣ. ಅಂಥ ದೊಡ್ಡ ಮಿಸ್ತ್ರಿಯ ಪಾನಾ ತನ್ನ ಬಳಿ ಸೊಟ್ಟಗೆ ಬಿದ್ದಿರಬಾರದು ಎಂದು ಅವನ ಆಸೆ. ಪಕ್ಕದ ಬಾಳಪ್ಪನ ಕುಲುಮೆಗೆ ಒಯ್ದು, ಕೆಂಪಗೆ ಕಾಯಿಸಿ, ಬಡಿಸಿ, ನೆಟ್ಟಗೆ ಮಾಡಿಸಿಕೊಂಡು ಬಂದ. ಬಾಳಪ್ಪ ಕೂಲಿಯನ್ನೂ ತೆಗೆದುಕೊಳ್ಳಲಿಲ್ಲ. ಇಬ್ಬರೂ ಒಂದು ಒಳ್ಳೆಯ ಕೆಲಸ ಮಾಡಿದ ಖುಷಿಯಲ್ಲಿ ಎಲೆಅಡಿಕೆ ಹಾಕಿಕೊಂಡರು.

ಪೆಟ್ಟಿಗೆ ಬಂದಮೇಲೆ ಭರಮಣ್ಣನ ಕೈ ಬದಲಾಯಿತು. ಪಾನಾ ನಟ್ಟನ್ನು ಗಟ್ಟಿಯಾಗಿ ಕಚ್ಚುತ್ತಿತ್ತು, ಜಾರುತ್ತಿರಲಿಲ್ಲ. ಗೆಣ್ಣುಗಳ ಮೇಲೆ ಚರ್ಮ ಬಂತು. ಹಿಟ್ಟಿನ ಗಿರಣಿಯವರು ಕರೆದರು, ಹಂಚು ಸಾಗಿಸುವ ಲಾರಿಗಳು ಚಪ್ಪರದ ಮುಂದೆ ನಿಲ್ಲತೊಡಗಿದವು. ನಕ್ಕಿದ್ದ ಜನವೇ, "ಭರಮಣ್ಣಾ, ನಮ್ಮ ಪಂಪ್ ಒಂದೀಟ ನೋಡಪಾ" ಎಂದು ಬರತೊಡಗಿದರು. ಅವನು ಒಂದು ದಿನವೂ ಅವರಿಗೆ ಹಳೆಯ ಮಾತು ನೆನಪಿಸಲಿಲ್ಲ. ನಾನಾಗಿದ್ದರೆ ನೆನಪಿಸುತ್ತಿದ್ದೆ.

ನಾಲ್ಕನೆಯ ತಿಂಗಳು ಬೀರಣ್ಣನ ಲಾರಿ ಬಂತು. ಬೀರಣ್ಣ ಬೆಳಗಾವಿಗೂ ಗೋವಾಕ್ಕೂ ನಡುವೆ ಓಡಾಡುವ ಡ್ರೈವರು, ಬಾಯಿಗೆ ಬಿಡುವಿಲ್ಲದ ಮನುಷ್ಯ. ಲಾರಿಯ ಸ್ಟಾರ್ಟರ್ ಕೆಟ್ಟಿತ್ತು. ಅದನ್ನು ಹೊರಗೆ ತೆಗೆಯಲು ಎರಡೇ ಬೋಲ್ಟು ಬಿಚ್ಚಬೇಕು. ಕೆಳಗಿನದು ಕಣ್ಣೆದುರಿಗೇ ಇತ್ತು. ಮೇಲಿನದು ಸೈಲೆನ್ಸರ್ ಪೈಪಿನ ಹಿಂದೆ ಅಡಗಿತ್ತು. ಅಲ್ಲಿಗೆ ಬೆರಳು ಮುಟ್ಟುತ್ತಿತ್ತು, ಪಾನಾ ಮುಟ್ಟುತ್ತಿರಲಿಲ್ಲ. ಪೆಟ್ಟಿಗೆಯ ಒಂದೊಂದು ಪಾನಾ ಹಾಕಿ ನೋಡಿದ. ಎಲ್ಲವೂ ಪೈಪಿಗೆ ಬಡಿದು ನಿಂತವು. ಕೊನೆಗೆ ಆ ಪೈಪನ್ನೇ ಇಳಿಸಬೇಕಾಯಿತು. ತುಕ್ಕು ಹಿಡಿದ ಅದರ ನಟ್ಟುಗಳ ಜೊತೆ ಗುದ್ದಾಡಿ ಸ್ಟಾರ್ಟರ್ ಹೊರಗೆ ಬರುವಷ್ಟರಲ್ಲಿ ಸೂರ್ಯ ನೆತ್ತಿಯಿಂದ ಇಳಿದಿದ್ದ.

ನೆರಳಿನಲ್ಲಿ ಕೂತಿದ್ದ ಬೀರಣ್ಣ ಹೊತ್ತು ಕಳೆಯಲೆಂದು ಮಾತು ತೆಗೆದ. "ಅನಗೋಳದ ಯೂಸುಫ ಮಿಸ್ತ್ರಿ ಇದ್ದಾಗ ಈ ಕೆಲಸಾ ಒಂದ ಬೀಡಿ ಸೇದೂದ್ರಾಗ ಮುಗೀತಿತ್ತು. ಅವರ ಕಡೆ ಒಂದ ಡೊಂಕ ಪಾನಾ ಇತ್ತ ನೋಡು. ಪೈಪ ಇಳಸ್ತಿದ್ದಿಲ್ಲ, ಏನಿಲ್ಲ. ಪಾನಾ ಪೈಪಿನ ಹಿಂದ ಹೋಗಿ, ಹೊಳ್ಳಿ, ಬೋಲ್ಟಿನ ಮ್ಯಾಲ ಕುಂಡ್ರತಿತ್ತು. ತಾವ ಬಗ್ಗಿಸಿ ಮಾಡಿದ್ದಂತ. ಇಡೀ ಬೆಳಗಾವ್ಯಾಗ ಮತ್ತೊಬ್ಬರ ಕಡೆ ಅಂಥಾದ್ದಿಲ್ಲ."

ಭರಮಣ್ಣ ಲಾರಿಯ ಕೆಳಗೆ ಮಲಗಿದ್ದ. ಯಾವುದನ್ನು ಅವನು ಗಾಯ ಎಂದುಕೊಂಡು ವಾಸಿ ಮಾಡಿದ್ದನೋ ಅದೇ ಆ ಪಾನಾದ ಜೀವವಾಗಿತ್ತು. ಅವತ್ತು ರಾತ್ರಿಯ ಊಟ ಅವನಿಗೆ ಸೇರಲಿಲ್ಲ. ಕಾಶವ್ವ ಕೇಳಿದಾಗ ಎಲ್ಲವನ್ನೂ ಹೇಳಿದ. ಅವಳು ತಾಟನ್ನು ಎತ್ತಿಟ್ಟಳು.

ತಪ್ಪು ಅಲ್ಲಿಗೇ ನಿಂತಿದ್ದರೂ ಆಗುತ್ತಿತ್ತು. ಎಂಟು ದಿನದ ಮೇಲೆ ಬೀರಣ್ಣ ಮತ್ತೆ ಲಾರಿ ನಿಲ್ಲಿಸಿದ. ಯೂಸುಫ ಮಿಸ್ತ್ರಿ ಬೆಳಗಿನ ಹೊತ್ತು ಅನಗೋಳದ ರಸ್ತೆಯ ಚಹಾದಂಗಡಿಯಲ್ಲಿ ಕೂರುತ್ತಿದ್ದರು, ಡ್ರೈವರುಗಳ ದನಿ ಹಿಡಿದು ಹೆಸರಿನಿಂದ ಕರೆದು ಮಾತಾಡಿಸುತ್ತಿದ್ದರು. "ಮಿಸ್ತ್ರಿ ನಿನ್ನ ಕೇಳಿದ್ರು. ಡೊಂಕ ಪಾನಾ ಹೆಂಗೈತಿ ಅಂತ ಕೇಳ್ಕೊಂಡ ಬಾ ಅಂದ್ರು. ನಿನ್ನ ಕಡೀನ ಐತಂತಲ್ಲೊ ಅದು?" ಎಂದ ಬೀರಣ್ಣ.

ಭರಮಣ್ಣ ಕೈ ಒರೆಸುವ ಬಟ್ಟೆ ಹುಡುಕುತ್ತ ಅತ್ತ ತಿರುಗಿದ. "ಛಲೋ ಐತಿ ಅಂತ ಹೇಳು" ಎಂದ.

ಸುಳ್ಳು ಲಾರಿ ಹತ್ತಿ ಬೆಳಗಾವಿಗೆ ಹೋಯಿತು. ಅದು ಹೋದದ್ದೇ ತಡ, ಅಲ್ಲಿಂದ ವಾರ ವಾರವೂ ಅದೇ ಪ್ರಶ್ನೆ ಬರತೊಡಗಿತು. ಒಮ್ಮೆ ಬೀರಣ್ಣನ ಕೈಯಲ್ಲಿ, ಒಮ್ಮೆ ಮತ್ಯಾವನೋ ಡ್ರೈವರನ ಕೈಯಲ್ಲಿ. ಪಾನಾ ಹೆಂಗೈತಿ? ಛಲೋ ಐತಿ. ಮುದುಕರು ಎಷ್ಟು ಅಕ್ಕರೆಯಿಂದ ಕೇಳುತ್ತಿದ್ದಾರೆ ಎಂದುಕೊಂಡಷ್ಟೂ ಭರಮಣ್ಣನ ಎದೆ ಭಾರವಾಯಿತು. ಗೋವಾ ರಸ್ತೆಯ ಕಡೆಯಿಂದ ಹಾರ್ನ್ ಕೇಳಿದರೆ ಸಾಕು, ಚಪ್ಪರದ ಹಿಂದೆ ಹೋಗಿ ಏನಾದರೂ ಹುಡುಕುವವನ ಹಾಗೆ ಬಗ್ಗಿ ನಿಲ್ಲುತ್ತಿದ್ದ.

ಪಾನಾವನ್ನು ಮತ್ತೆ ಬಗ್ಗಿಸಲು ನೋಡದೆ ಇರಲಿಲ್ಲ. ಬಾಳಪ್ಪ ಮೂರು ಸಲ ಕಾಯಿಸಿ, ಇವನು ಹೇಳಿದ ಹಾಗೆಲ್ಲ ಬಗ್ಗಿಸಿಕೊಟ್ಟ. ಒಮ್ಮೆ ಅದು ಪೈಪಿಗೆ ತಾಗಿತು. ಇನ್ನೊಮ್ಮೆ ಬೋಲ್ಟಿನ ಮೇಲೆ ಕೂತಿತು, ಆದರೆ ತಿರುವಲು ಕೈ ಬರಲಿಲ್ಲ. ಮೂರನೆಯ ಸಲ ಎರಡೂ ಆಗಲಿಲ್ಲ. ಬಾಳಪ್ಪ ಬೆವರು ಒರೆಸಿಕೊಂಡು, "ಏ ಭರಮಣ್ಣಾ, ಹಿಂಗ ಕಾಸ್ಕೋತ ಹೋದ್ರ ಇದು ಮೆತ್ತಗ ಆಗತೈತಿ ನೋಡು. ಬಗ್ಗಿಸಿದಾಂವನ್ನ ಕೇಳು" ಎಂದು ಅದನ್ನು ಹಾಗೆಯೇ ಕೈಗೆ ಕೊಟ್ಟ. ಸ್ಟಾರ್ಟರ್ ಕೆಟ್ಟ ಲಾರಿ ಬಂದಾಗಲೆಲ್ಲ ಭರಮಣ್ಣ ಪೈಪು ಇಳಿಸುತ್ತಲೇ ಇದ್ದ. ಡ್ರೈವರುಗಳು ಕಾಯುತ್ತ ಬೇಸತ್ತು ಬೈಯುತ್ತಿದ್ದರು.

ಹೀಗೆ ಒಂದೂವರೆ ವರ್ಷ ಕಳೆಯಿತು. ನೀವು ಕೇಳಬಹುದು, ಇಪ್ಪತ್ತಾರು ಕಿಲೋಮೀಟರು ದೂರದ ಊರಿಗೆ ಹೋಗಿ ತಪ್ಪಾಯಿತು ಎನ್ನಲು ಒಂದೂವರೆ ವರ್ಷ ಬೇಕೆ ಎಂದು. ಬೇಕು. ಕಣ್ಣು ಕಾಣದ ಮನುಷ್ಯ ತನ್ನ ಬದುಕೆಲ್ಲ ಕಟ್ಟಿ ಕೈಗೆ ಕೊಟ್ಟಿದ್ದರು. ಅದರಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಇವನು ಹಾಳು ಮಾಡಿದ್ದ, ಮೇಲೆ ಎಪ್ಪತ್ತು ಸಲ ಸುಳ್ಳು ಹೇಳಿದ್ದ. ಹೋದರೆ ಅವರ ಮುಖ ನೋಡಬೇಕಾಗುತ್ತಿತ್ತು.

ಎಪ್ಪತ್ತೊಂಬತ್ತರ ಬೇಸಿಗೆಯ ಒಂದು ರವಿವಾರ, ಬೆಳಿಗ್ಗೆ ಅವನು ಎದ್ದು ನೋಡಿದರೆ ಕಾಶವ್ವ ಅವನ ಒಗೆದ ಅಂಗಿ ತೆಗೆದಿಟ್ಟು, ಆ ಪಾನಾವನ್ನು ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿ ಹಾಕಿಟ್ಟಿದ್ದಳು.

"ಎಲ್ಲಿಗೆ?" ಎಂದ, ಗೊತ್ತಿದ್ದೂ.

"ಅನಗೋಳಕ್ಕ. ಬೈದ್ರ ಬೈಸ್ಕೊಂಡ ಬರ್ರಿ. ಹಾರ್ನ್ ಕೇಳಿ ಗಂಡ ಅಡಗೂದನ್ನ ನನಗ ನೋಡಾಕ ಆಗವಲ್ದು."

ಅನಗೋಳದ ಅಂಗಳದಲ್ಲಿ ಅದೇ ಹೊರಸು, ಅದೇ ಮಿಸ್ತ್ರಿ. ಈಗ ಅವರಿಗೆ ಬೆಳಕು, ಕತ್ತಲೆಯ ವ್ಯತ್ಯಾಸವೂ ಉಳಿದಿರಲಿಲ್ಲ. ಭರಮಣ್ಣ ಒಳಗೆ ಕಾಲಿಟ್ಟು ಕೆಮ್ಮಿದ್ದೇ ತಡ, "ಬಾ ಭರಮಣ್ಣಾ, ಕುಂದರು" ಎಂದರು. ಅವನು ಕೂರಲಿಲ್ಲ. ಚೀಲದಿಂದ ಪಾನಾ ತೆಗೆದು, ಬಟ್ಟೆ ಬಿಚ್ಚಿ, ಅವರ ಎರಡೂ ಕೈಯಲ್ಲಿಟ್ಟ.

ಮಿಸ್ತ್ರಿಯ ಬೆರಳುಗಳು ಪಾನಾದ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ಹೋದವು. ಬಿಲ್ಕೀಸ ಬಾಗಿಲಿಗೆ ಬಂದು ನಿಂತರು.

"ನಾಕ ಸಲ ಕಾಸೀರಿ" ಎಂದರು ಮಿಸ್ತ್ರಿ. "ಒಮ್ಮೆ ನೆಟ್ಟಗ ಮಾಡಾಕ, ಮೂರ ಸಲ ಮತ್ತ ಬಗ್ಗಸಾಕ. ಹೌದಿಲ್ಲೊ?"

"ಹೌದ್ರಿ. ನಾ ಮುಠ್ಠಾಳ ಅದೇನ್ರಿ ಮಿಸ್ತ್ರ್ಯಾರ. ಎಲ್ಲೋ ಸಿಕ್ಕಿ ಸೊಟ್ಟಗ ಆಗೇತಿ ಅಂತ ತಿಳದೆ. ನಿಮ್ಮ ಪಾನಾ ಅಂತ್ಹೇಳಿ ಪ್ರೀತೀಲೆ ಮಾಡಿಸಿದೆ. ಆಮ್ಯಾಲೆ ಹೇಳಾಕ ಧೈರ್ಯ ಆಗಲಿಲ್ಲ. ಸುಳ್ಳ ಹೇಳಿ ಕಳಿಸಿದೆ."

"ಗೊತ್ತೈತಿ."

"ಯಾರ ಹೇಳಿದ್ರಿ?"

"ಯಾರೂ ಹೇಳಲಿಲ್ಲ. ಬೀರಣ್ಣ ಬಂದ ನಿನ್ನ ಹೊಗಳಿದಾ. ಭರಮಣ್ಣ ಭಾಳ ನೀಟ ಕೆಲಸಾ ಮಾಡ್ತಾನು, ಆದ್ರ ಸ್ಟಾರ್ಟರ್ ಬಿಚ್ಚಾಕ ಪೈಪ ಇಳಸ್ತಾನು, ಅರ್ಧಾ ದಿನಾ ಹಿಡೀತೈತಿ ಅಂದಾ. ಆ ಪಾನಾ ಕೈಯಾಗಿದ್ದಾಂವ ಪೈಪ ಯಾಕ ಇಳಸ್ತಾನು? ಅವತ್ತ ತಿಳೀತು ನನಗ."

ಭರಮಣ್ಣ ತಲೆಯೆತ್ತಿದ. "ಮತ್ತ ವಾರಾ ವಾರಾ ಕೇಳಿ ಕಳಸ್ತಿದ್ರಿ, ಪಾನಾ ಹೆಂಗೈತಿ ಅಂತ."

"ಪಾನಾ ಕೇಳ್ತಿದ್ದಿಲ್ಲೊ ಮಾರಾಯಾ" ಎಂದರು ಮಿಸ್ತ್ರಿ. "ನೀ ಯಾವಾಗ ಬರ್ತಿ ಅಂತ ಕೇಳ್ತಿದ್ದೆ."

ಭರಮಣ್ಣ ಅಲ್ಲೇ ನೆಲದ ಮೇಲೆ ಕೂತು, ಮೂವತ್ತಾರು ವರ್ಷದ ಗಂಡಸು, ಅಂಗಿಯ ತೋಳಿಗೆ ಮುಖ ಒತ್ತಿಕೊಂಡು ಅತ್ತುಬಿಟ್ಟ. ಅಳುವುದರಲ್ಲಿ ನಾಚಿಕೆಯೇನಿದೆ? ಒಂದೂವರೆ ವರ್ಷದ ಭಾರ ಎಲ್ಲಿಂದಾದರೂ ಇಳಿಯಬೇಕಲ್ಲ. ಬಿಲ್ಕೀಸ ಚಾಚಿ ನೀರಿನ ತಂಬಿಗೆ ತಂದು ಅವನ ಮುಂದಿಟ್ಟು, ಗಂಡನ ಕಡೆ ತಿರುಗಿದರು. "ಅಂವಾ ತನ್ನ ತಪ್ಪ ಹೇಳಿದಾ. ನಿಮ್ದೂ ಹೇಳ್ರಿ. ಎರಡ ವರ್ಷ ಆತು, ನನ್ನೊಬ್ಬಾಕಿ ಮುಂದ ಹೇಳ್ಕೋತ ಕುಂತೀರಿ."

ಮಿಸ್ತ್ರಿ ಪಾನಾವನ್ನು ತೊಡೆಯ ಮೇಲಿಟ್ಟುಕೊಂಡರು.

"ಅವತ್ತ ಎಲ್ಲಾ ಪಾನಾದ ಮಾತ ಹೇಳಿದೆ, ಇದೊಂದರದ ಹೇಳಲಿಲ್ಲ. ಬಾಂಗ್ ಆಗಿದ್ದು ಖರೇ. ಆದ್ರ ಎರಡ ಮಾತ ಹೇಳಾಕ ಟೈಮ್ ಇತ್ತು. ಮನಸ್ಸ ಬರಲಿಲ್ಲ. ನಲವತ್ತ ವರ್ಷ ದುಡದೇನಿ ಭರಮಣ್ಣಾ. ಬಾಕಿ ಕೆಲಸೆಲ್ಲಾ ಯಾರ್ಯಾರೋ ಕಲಿಸಿದ್ದು. ಇದೊಂದ ನಂದು. ಕಣ್ಣ ಹೋದ್ವು, ಪೆಟ್ಟಿಗಿ ಹೊಂಟಿತು, ಇದನ್ನೂ ಹೇಳಿ ಕೊಟ್ರ ನನ್ನ ಕಡೆ ಏನ ಉಳೀತದ ಅಂತ ಅಂಜಿದೆ." ಪಾನಾದ ಮೇಲೆ ಕೈಯಾಡಿಸಿ, "ನೀ ಅದನ್ನ ನೆಟ್ಟಗ ಮಾಡಿದ್ದು ತಪ್ಪಲ್ಲ. ಹೇಳದ ಕೊಟ್ಟಾಂವಂದು ತಪ್ಪು" ಎಂದರು.

ಭರಮಣ್ಣ ಮೂಗು ಒರೆಸಿಕೊಂಡು, "ಅಳತಿ ಹೇಳ್ರಿ ಮಿಸ್ತ್ರ್ಯಾರ. ಹೆಂಗಿತ್ತೊ ಹಂಗ ಬಗ್ಗಿಸಿ ತರ್ತೇನಿ" ಎಂದ.

"ನನ್ನ ಅಳತಿ ತಗೊಂಡ ಏನ ಮಾಡ್ತಿ? ನನ್ನ ಕೈ ಉದ್ದ, ನಿಂದು ಗಿಡ್ಡ, ಮಣಿಕಟ್ಟ ದಪ್ಪ. ಬೋಲ್ಟ್ ಎಲ್ಲಾರಿಗೂ ಒಂದ. ಬಗ್ಗೂದು ಕೈ ನೋಡಿ ಬಗ್ಗಬೇಕು. ಬಿಲ್ಕೀಸ, ಅರಿವಿ ಒಣಗ ಹಾಕೂ ದಪ್ಪನ್ನ ತಂತಿ ಉಳದಿತ್ತಲ್ಲ, ತಾ."

ಚಾಚಿ ತಂತಿ ತಂದರು. ಆಮೇಲೆ ನಡೆದದ್ದನ್ನು ಓಣಿಯ ಜನ ನೋಡಿದ್ದರೆ ಇಬ್ಬರಿಗೂ ತಲೆ ಕೆಟ್ಟಿದೆ ಎನ್ನುತ್ತಿದ್ದರು. ಮಿಸ್ತ್ರಿ ಹೊರಸಿನ ಮೇಲೆ ಬೋರಲಾಗಿ ಮಲಗಿ, ಕೈಯನ್ನು ಅದರ ಚೌಕಟ್ಟಿನ ಹೊರಗೆ ಇಳಿಬಿಟ್ಟು ಮುಷ್ಟಿ ಕಟ್ಟಿದರು. "ಈ ಹೊರಸು ಲಾರಿ. ಈ ಚೌಕಟ್ಟು ಸೈಲೆನ್ಸರ್ ಪೈಪ. ನನ್ನ ಮುಷ್ಟಿ ಮ್ಯಾಲಿನ ಬೋಲ್ಟ್. ನೀ ಕೆಳಗ ಮಲಗು" ಎಂದರು. ಭರಮಣ್ಣ ಒಗೆದ ಅಂಗಿಯಲ್ಲೇ ಹೊರಸಿನ ಕೆಳಗೆ ಅಂಗಾತ ಮಲಗಿ, ಚೌಕಟ್ಟನ್ನು ಬಳಸಿ ಕೈ ಮೇಲೆತ್ತಿದ. "ಹಂಗಲ್ಲ, ನೀ ಕೆಲಸಾ ಮಾಡೂ ಮುಂದ ಮೊಣಕೈ ಎಲ್ಲಿ ಊರ್ತಿ? ಅಲ್ಲೆ ಊರು. ಹೂಂ. ಈಗ ಬೋಲ್ಟ್ ಹಿಡಿ." ಅವನು ಅವರ ಮುಷ್ಟಿಯನ್ನು ಹಿಡಿದ. ಬಿಲ್ಕೀಸ ಚಾಚಿಗೆ ನಗು ತಡೆಯಲಾಗಲಿಲ್ಲ, ಸೆರಗು ಬಾಯಿಗೆ ಒತ್ತಿಕೊಂಡರು.

ಮಿಸ್ತ್ರಿ ಇನ್ನೊಂದು ಕೈಯಿಂದ ತಂತಿಯನ್ನು ತಮ್ಮ ಮುಷ್ಟಿಯಿಂದ ಶುರು ಮಾಡಿ, ಚೌಕಟ್ಟನ್ನು ಬಳಸಿ, ಭರಮಣ್ಣನ ಬೆರಳುಗಳ ಪಕ್ಕದಿಂದ ಹಾಯಿಸಿ ಅಂಗೈವರೆಗೆ ಬಗ್ಗಿಸುತ್ತ ಬಂದರು. ಒಂದು ಕಡೆ ಒತ್ತಿದರು, ಒಂದು ಕಡೆ ಬಿಚ್ಚಿದರು. "ಮಣಿಕಟ್ಟ ತಿರುವು. ಇನ್ನೊಂದೀಟ. ಇಲ್ಲೆ ನೋವಾಗತೈತೇನು? ಹಂಗಾರ ಇಲ್ಲೆ ಒಂದ ಕೂದಲ ಎಳೀಯಷ್ಟು ಜಾಸ್ತಿ ಬಗ್ಗಬೇಕು." ಅವರ ದನಿ ಬೇರೆಯಾಗಿತ್ತು. ಕೆಲಸದ ನಡುವೆ ಇರುವ ಮನುಷ್ಯನ ದನಿ ಅದು, ಸ್ವಲ್ಪ ಜೋರು, ಸ್ವಲ್ಪ ಸಿಡುಕು. ಹೊರಸಿನ ಕೆಳಗಿನಿಂದ ಭರಮಣ್ಣನಿಗೆ ಚಾಚಿಯ ಮುಖ ಕಾಣುತ್ತಿತ್ತು. ಅವರು ಈಗ ನಗುತ್ತಿರಲಿಲ್ಲ. ಗಂಡ ಮತ್ತೆ ಕೆಲಸ ಮಾಡುವುದನ್ನು ನೋಡುತ್ತಿದ್ದರು, ಕಣ್ಣೀರು ಒರೆಸಿಕೊಳ್ಳುವುದು ಅವರಿಗೆ ಹೊಳೆದಿರಲಿಲ್ಲ.

ಮೂರು ಸಲ ತಪ್ಪಿ ನಾಲ್ಕನೆಯ ಸಲಕ್ಕೆ ತಂತಿ ಸರಿಯಾಯಿತು. ಮಿಸ್ತ್ರಿ ಎದ್ದು ಕೂತು, ಅದರ ಬಾಗನ್ನು ಆ ತುದಿಯಿಂದ ಈ ತುದಿಯವರೆಗೆ ಬೆರಳಿನಿಂದ ಓದಿ, ಅವನ ಕೈಗಿಟ್ಟರು. "ನಿಮ್ಮೂರ ಕಮ್ಮಾರಗ ಇದನ್ನ ತೋರಸು. ಒಂದ ಸಲ ಕಾಸಲಿ, ಸಾವಕಾಶ ಬಗ್ಗಸಲಿ, ನೀರಾಗ ಅದ್ದಬ್ಯಾಡ, ಬೂದ್ಯಾಗ ಹುಗದ ಇಡು, ತಾನ ಆರಲಿ. ಆಮ್ಯಾಲೆ ಯಾರ ಕೇಳಿದ್ರೂ ಹೇಳು. ಮುಚ್ಚಿ ಇಡಬ್ಯಾಡ. ನಾ ಮುಚ್ಚಿಟ್ಟ ಏನ ಗಳಿಸಿದೆ?"

ಊಟ ಮಾಡಿಯೇ ಹೋಗಬೇಕೆಂದು ಚಾಚಿ ಹಟ ಹಿಡಿದರು. ಉಂಡು, ಮಿಸ್ತ್ರಿಯ ಕಾಲು ಮುಟ್ಟಲು ಹೋಗಿ ಅವರಿಂದ ಬೈಸಿಕೊಂಡು, ಭರಮಣ್ಣ ಮಧ್ಯಾಹ್ನದ ಬಸ್ ಹತ್ತಿದ. ಬಸ್ಸು ತುಂಬಿತ್ತು, ಕೂರಲು ಜಾಗ ಸಿಗಲಿಲ್ಲ. ಪಾನಾ ಚೀಲದಲ್ಲಿತ್ತು. ತಂತಿಯನ್ನು ಮಾತ್ರ ಅವನು ಚೀಲಕ್ಕೆ ಹಾಕಲಿಲ್ಲ, ಎರಡೂ ಕೈಯಲ್ಲಿ ಹಿಡಿದು ಜನರ ತಲೆಯ ಮೇಲೆತ್ತಿಕೊಂಡು ನಿಂತ. ಬಸ್ಸು ಜೋಲಿ ಹೊಡೆದಾಗ ಹಿಡಿದುಕೊಳ್ಳಲು ಕೈಯಿಲ್ಲದೆ ಪಕ್ಕದವರ ಮೈಮೇಲೆ ಬಿದ್ದು ಬೈಸಿಕೊಂಡ.

ಕಂಡಕ್ಟರ್ ಬಂದು, "ಏನಪಾ ಅದು, ಯಾರ ಕಣ್ಣಿಗರ ಚುಚ್ಚೀತು. ಮಡಚಿ ಚೀಲದಾಗ ಇಡು" ಎಂದ.

"ಬ್ಯಾಡ್ರಿ, ಕೆಡತೈತಿ."

"ತಂತಿ ತುಂಡ ಐತಿ, ಮೊದಲ ಸೊಟ್ಟಗೈತಿ. ಕೆಡೂದೇನ ಉಳದೈತೊ ಅದರಾಗ?"

"ಎರಡ ವರ್ಷದ ಹಿಂದ ಅನಗೋಳದಾಗ ಒಂದ ಪೆಟ್ಟಿಗಿ ಕೊಂಡಿದ್ದೇನ್ರಿ" ಎಂದ ಭರಮಣ್ಣ. "ಇದೊಂದ ಅವರ ಕಡೆ ಉಳದಿತ್ತು. ಇವತ್ತ ಕೊಟ್ರು."

ಕಂಡಕ್ಟರಿಗೆ ತಲೆಬುಡ ತಿಳಿಯಲಿಲ್ಲ. ಆದರೆ ಆ ಮುಖದಲ್ಲಿ ಏನು ಕಂಡನೋ, ಮುಂದಿನ ಸೀಟಿನಲ್ಲಿದ್ದವನನ್ನು ಎಬ್ಬಿಸಿ, "ಕುಂದರಪಾ, ಅದನ್ನ ತೊಡಿ ಮ್ಯಾಲ ಇಟ್ಕೊಂಡ ಕುಂದರು" ಎಂದ.